ಒಂದೇ ಜಾಗ, ಹೊತ್ತಿಗೊಂದು ಗಾಡಿ

ಅಡಿಕೆ ಸುಗ್ಗಿಯ ಬೆಳಗು. ಚನ್ನಗಿರಿ ಪೇಟೆಯಲ್ಲಿ ಖರೀದಿದಾರರ ಅಂಗಡಿಗೆ ಬೆನ್ನು ಕೊಟ್ಟು ಲಗೇಜ್ ಆಟೊಗಳು ನಿಂತಿವೆ. ಹಿಂದಿನ ಹಲಗೆ ಇಳಿಸಿದರೆ ಚೀಲ ಸೀದಾ ಹಮಾಲರ ಬೆನ್ನಿಗೆ. ಆಟೊಗಳ ಮೂತಿ ಅರ್ಧ ರಸ್ತೆ ನುಂಗಿದೆ. ಉಳಿದರ್ಧದಲ್ಲಿ ಶಿವಮೊಗ್ಗದ ಬಸ್ಸು, ಚಿತ್ರದುರ್ಗದ ಲಾರಿ ಎದುರುಬದುರು ನಿಂತು ಹಾರ್ನ್ ಹೊಡೆಯುತ್ತಿವೆ. "ಅಣ್ಣಾ, ಅಂಗಡಿ ಬಾಗ್ಲಿಗೇ ನಿಲ್ಸಿದೀಯಲ್ಲ, ಒಂಚೂರು ಮುಂದಕ್ಕೆ ತಗೋ" ಎಂದು ಬಟ್ಟೆ ಅಂಗಡಿಯಾತ ಕೂಗುತ್ತಾನೆ. ಬೈಕಿನವನು ಸೈಡ್ ಸ್ಟ್ಯಾಂಡ್ ಎತ್ತಿ, ಎರಡು ಮಾರು ತಳ್ಳಿ, ಮೆಡಿಕಲ್ ಶಾಪ್ ಎದುರು ನಿಲ್ಲಿಸುತ್ತಾನೆ. ತಕರಾರು ಅಲ್ಲಿಂದ ಮತ್ತೆ ಶುರು.

ಇದೇ ಬೀದಿಗೆ ರಾತ್ರಿ ಎಂಟಕ್ಕೆ ಬನ್ನಿ. ಅಡಿಕೆ ಅಂಗಡಿಗಳ ಶಟರ್ ಇಳಿದಿದೆ, ಅಂಗಳ ಖಾಲಿ. ಬ್ಯಾಂಕಿನ ಮುಂದೆ ನರಪಿಳ್ಳೆ ಇಲ್ಲ. ಕಚೇರಿಗಳ ಗೇಟಿಗೆ ಬೀಗ. ಅತ್ತ ಕಲ್ಯಾಣ ಮಂಟಪದ ಎದುರು ಮಾತ್ರ ಆರತಕ್ಷತೆಗೆ ಬಂದ ಕಾರುಗಳು ರಸ್ತೆಯ ಎರಡೂ ಬದಿ ಸಾಲುಗಟ್ಟಿವೆ. ಊರಿನಲ್ಲಿ ಜಾಗಕ್ಕೆ ಬರವಿಲ್ಲ. ಇರುವ ಜಾಗಕ್ಕೆ ಬೀಗ ಬಿದ್ದಿದೆ, ಅಷ್ಟೆ.

ಹಗಲು ಕಚೇರಿಗೆ ಬೇಕಾದ ಜಾಗ ರಾತ್ರಿ ಮಂಟಪಕ್ಕೆ ಒದಗಲಿ ಎನ್ನುವುದೇ ಹಂಚಿಕೆಯ ಪಾರ್ಕಿಂಗ್. ಹಸಿರು ಕಟ್ಟಡಗಳಿಗೆ ಪ್ರಮಾಣಪತ್ರ ಕೊಡುವವರು ಇದಕ್ಕೆ ಬೆಲೆ ಕಟ್ಟುತ್ತಾರೆ. ಅಮೆರಿಕದಲ್ಲಿ ಹುಟ್ಟಿದ 'ಲೀಡ್' ಪದ್ಧತಿಯಲ್ಲಿ ಪಾರ್ಕಿಂಗ್ ಜಾಗ ಕಡಿಮೆ ಮಾಡಿದ ಕಟ್ಟಡಕ್ಕೆ ಅಂಕ ಉಂಟು. ಬರೀ ವಾಹನ ನಿಲ್ಲಿಸಲೆಂದೇ ಕಟ್ಟಿದ ಗ್ಯಾರೇಜಿಗೆ ಪ್ರಮಾಣಪತ್ರವೇ ಇಲ್ಲ. ಅಂಥವಕ್ಕೆ 'ಪಾರ್ಕ್‌ಸ್ಮಾರ್ಟ್' ಎಂಬ ಬೇರೆಯದೇ ಪರೀಕ್ಷೆ. ಲೀಡ್ ನಮ್ಮ ದೇಶಕ್ಕೂ ಹೊಸದಲ್ಲ; 2004ರಲ್ಲಿ ಉದ್ಘಾಟನೆಯಾದ ಹೈದರಾಬಾದಿನ ಸಿಐಐ–ಗೋದ್ರೆಜ್ ಕೇಂದ್ರ, ಅಮೆರಿಕದ ಹೊರಗೆ ಅದರ ಅತ್ಯುನ್ನತ ದರ್ಜೆಯಾದ ಪ್ಲಾಟಿನಂ ಪಡೆದ ಮೊದಲ ಕಟ್ಟಡ. ನಮ್ಮದೇ 'ಗೃಹ' ಪದ್ಧತಿ ಐದು ನಕ್ಷತ್ರಗಳವರೆಗೆ ಕೊಡುತ್ತದೆ.

ಪಾರ್ಕಿಂಗ್ ಕಡಿಮೆ ಮಾಡಿದ್ದಕ್ಕೆ ಅಂಕ ಕೊಡುವುದರ ಹಿಂದಿನ ಲೆಕ್ಕ ಸರಳ. ನೆಲಮಾಳಿಗೆಯಲ್ಲಿ ಒಂದು ಕಾರಿಗೆ, ಓಡಾಟದ ದಾರಿಯೂ ಸೇರಿ, 32 ಚದರ ಮೀಟರ್ ಹಿಡಿಯುವುದು ವಾಡಿಕೆ. ಪೇಟೆಯ ಹತ್ತಡಿ–ಇಪ್ಪತ್ತಡಿ ಮಳಿಗೆ 19 ಚದರ ಮೀಟರ್ ಕೂಡ ಆಗದು. ಗಿರಾಕಿಗಿಂತ ಅವನ ಕಾರಿಗೇ ದೊಡ್ಡ ಕೋಣೆ! ಅಷ್ಟು ಮಣ್ಣು ಅಗೆಯಬೇಕು, ಅಷ್ಟು ಸಿಮೆಂಟು ಸುರಿಯಬೇಕು, ಹಗಲಲ್ಲೂ ದೀಪ ಉರಿಸಬೇಕು.

ಇತ್ತ ಹೊನ್ನಾಳಿಯಲ್ಲಿ ಒಂದೇ ಜಾಗವನ್ನು ಹೊತ್ತಿಗೊಬ್ಬರು ಬಳಸುವುದು ಹಳೆಯ ರೂಢಿ. ಭತ್ತದ ಕೊಯ್ಲಿನ ದಿನಗಳಲ್ಲಿ ಹಳ್ಳಿ ರಸ್ತೆಯ ಅರ್ಧ ಒಕ್ಕಲಿನವರ ಕಣ, ಇನ್ನರ್ಧ ಬಸ್ಸಿನ ದಾರಿ. ಸಂತೆ ಮೈದಾನ ವಾರಕ್ಕೊಮ್ಮೆ ತರಕಾರಿಯದು, ಮಿಕ್ಕ ದಿನ ಹುಡುಗರ ಕ್ರಿಕೆಟ್ಟಿನದು, ಜಾತ್ರೆಗೆ ಬಂದವರ ಗಾಡಿಯದು. ಜಾಗ ಹಂಚಿಕೊಳ್ಳುವುದನ್ನು ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಿಲ್ಲ. ಕಾಂಪ್ಲೆಕ್ಸುಗಳು ಎದ್ದ ಮೇಲೆ ಅದು ಮರೆತುಹೋಗುತ್ತಿದೆ. ನಕ್ಷೆಯಲ್ಲಿ ಸೆಲ್ಲಾರ್ ಪಾರ್ಕಿಂಗ್, ಇಳಿದು ನೋಡಿದರೆ ಜೆರಾಕ್ಸ್ ಅಂಗಡಿ: ಇದು ಯಾವ ಊರಿಗೂ ಹೊಸದಲ್ಲ.

ಜಗಳೂರಿನ ಬಿಸಿಲಿಗೆ ನೆರಳೇ ಪಾರ್ಕಿಂಗ್ ಫಲಕ. ಬೇವಿನ ಮರದಡಿ ಬೈಕುಗಳು ಒತ್ತೊತ್ತಾಗಿ ನಿಂತಿವೆ. ಜಾಗ ಸಿಗದವರು ಸೀಟಿನ ಮೇಲೆ ಟವೆಲ್ ಹಾಸಿ ಹೋಗಿದ್ದಾರೆ. ನೆರಳು ಸರಿದಂತೆ ಬೈಕುಗಳೂ ಸರಿಯುತ್ತವೆ. ಆಚೆಗೆ ಗಾಜಿನ ಮುಖದ ಹೊಸ ಕಟ್ಟಡ. ಎಸಿ ಪೆಟ್ಟಿಗೆಗಳು ಬೀದಿಗೆ ಬಿಸಿಗಾಳಿ ಉಗುಳುತ್ತಿವೆ. ಈ ಬಯಲುಸೀಮೆಯ ಹಳೆಯ ಮಾಳಿಗೆ ಮನೆಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಕರಲು ಮಣ್ಣಿನ ಹೊದಿಕೆ. ಕಡುಬೇಸಿಗೆಯ ಮಧ್ಯಾಹ್ನವೂ ಒಳಗೆ ತಂಪು. 57 ಕೆರೆಗಳಿಗೆ ತುಂಗಭದ್ರೆಯ ನೀರು ತರುವ ಯೋಜನೆಗೆ ಕಾದ ತಾಲ್ಲೂಕಿದು. ಇಲ್ಲಿ ವಾಹನ ನಿಲ್ಲಿಸುವ ಅಂಗಳಕ್ಕೆಲ್ಲ ಕಾಂಕ್ರೀಟ್ ಮೆತ್ತಿ ಮಳೆನೀರನ್ನು ಚರಂಡಿಗೆ ಅಟ್ಟುವುದು ದುಬಾರಿ ದಡ್ಡತನ. ನೀರು ಇಂಗುವ ನೆಲ, ಗಾಡಿಗೆ ಮರದ ನೆರಳು ಇವೆರಡಕ್ಕೂ ಹಸಿರು ಪ್ರಮಾಣಪತ್ರದಲ್ಲಿ ಅಂಕವಿದೆ.

ಹಾಗಂತ ಬಹುಮಹಡಿ ಗ್ಯಾರೇಜೇ ಮದ್ದೆಂದು ಹೊರಡುವುದೂ ತಪ್ಪು. ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ 500ಕ್ಕೂ ಹೆಚ್ಚು ಕಾರು ಹಿಡಿಯುವ ಕಟ್ಟಡ ಎದ್ದು ನಿಂತ ಮೇಲೂ ನಡೆಸುವವರು ಸಿಗದೆ ಬಾಗಿಲು ಮುಚ್ಚಿಕೊಂಡಿತ್ತು. ಬಳಕೆಗೆ ಬಂದದ್ದು 2024ರಲ್ಲಿ. ರಾಜಧಾನಿಯ ಪಾಡೇ ಹೀಗಿರುವಾಗ ತಾಲ್ಲೂಕು ಕೇಂದ್ರಕ್ಕೆ ಆ ಭಾರ ಏಕೆ?

ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಗೆ ಈಗ ಒಳ್ಳೆಯ ಅವಕಾಶ. ಕಚೇರಿ, ಬ್ಯಾಂಕು, ಮಳಿಗೆ ಎಲ್ಲ ಒಂದೊಂದಾಗಿ ಬರುವ ಹೊತ್ತಿದು. ಪರವಾನಗಿ ಕೊಡುವಾಗಲೇ ನಾಲ್ಕು ಕಟ್ಟಡಕ್ಕೆ ಸೇರಿ ಒಂದು ನಿಲುಗಡೆ, ಅದಕ್ಕೆ ಮರದ ನೆರಳು, ಮಳೆನೀರಿಗೆ ಇಂಗುಗುಂಡಿ ಎಂದು ಕರಾರು ಬರೆಸಿಕೊಂಡರೆ ಸಾಕು. ಸರ್ಕಾರಿ ಕಚೇರಿಗಳು ಸಂಜೆ ಗೇಟು ತೆರೆದಿಟ್ಟು ಮೇಲ್ಪಂಕ್ತಿ ಹಾಕಲಿ. ನಕ್ಷತ್ರ ಕೊಡುವವರು ಇತ್ತ ಬರದಿದ್ದರೂ ಚಿಂತೆಯಿಲ್ಲ; ಊರಿನ ರಸ್ತೆ ಊರಿನವರ ಓಡಾಟಕ್ಕೆ ಉಳಿದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.