ಯಾವ ಗಂಟೆಗೆ ಓಗೊಡಬೇಕು?



ಮಠದ ಗಂಟೆ ಮೊಳಗಿದರೆ ಅದು ಪೂಜೆಗೋ ಪ್ರಸಾದಕ್ಕೋ ಎಂಬುದು ನಮಗೆ ಕೂಡಲೇ ತಿಳಿಯುತ್ತದೆ. ಜೇಬಿನಲ್ಲಿರುವ ಮೊಬೈಲ್‌ಗೆ ಅಂತಹ ನೇಮವಿಲ್ಲ. ಸಾಲದ ಜಾಹೀರಾತು, ಆಟದ ಆಹ್ವಾನ, ಶುಭೋದಯದ ಚಿತ್ರ, ಮಗಳ ಕರೆ ಎಲ್ಲವೂ ಒಂದೇ ಬಾಗಿಲಿನಿಂದ ಒಳನುಗ್ಗುತ್ತವೆ.

ಇಂಡಿ ತಾಲ್ಲೂಕಿನ ಲಿಂಬೆ ಬೆಳೆಗಾರರೊಬ್ಬರು ನಿದ್ರೆ ಬಾರದೆಂದು ನನ್ನಲ್ಲಿಗೆ ಬಂದಿದ್ದರು. ರಕ್ತದೊತ್ತಡಕ್ಕೆ ಗುಳಿಗೆ ನಡೆದಿತ್ತು. ನಾಡಿ ನೋಡುತ್ತಿರುವಾಗಲೇ ಮೊಬೈಲ್ ಆರು ಸಲ ಸದ್ದು ಮಾಡಿತು. ಆರು ಸಲವೂ ಅವರು ಕೈ ಎಳೆದುಕೊಂಡರು. “ಇದನ್ನು ಬಂದ್ ಮಾಡಿ ಮಲಗಬಾರದೇ?” ಎಂದೆ. “ಒಮ್ಮೆ ಮಾಡಿದ್ದೆರಿ ಡಾಕ್ಟರ. ಅವತ್ತೇ ರಾತ್ರಿ ಸಿಂದಗ್ಯಾಗ ಮಗಳಿಗೆ ಬ್ಯಾನಿ ಸುರು ಆದುವು. ಅಳಿಯ ಹನ್ನೊಂದು ಸಲ ಫೋನ್ ಹಚ್ಚಿದ್ದ” ಎಂದರು. ತಾಯಿ, ಮಗು ಕ್ಷೇಮವಾಗಿದ್ದರು. ಆದರೆ ಅಂದಿನಿಂದ ಮೊಬೈಲ್ ಅವರ ದಿಂಬಿನ ಕೆಳಗೆ ಸೇರಿತ್ತು.

ರೋಗಕ್ಕೆ ಚರಕರು ಹೇಳಿದ ಕಾರಣಗಳಲ್ಲಿ ಇಂದ್ರಿಯಗಳಿಗೆ ವಿಷಯಗಳ ಅಹಿತಕರ ಸಂಯೋಗವೂ ಒಂದು. ಅತಿಯಾದ ಶಬ್ದ, ಬೆಚ್ಚಿಬೀಳಿಸುವ ಶಬ್ದಗಳು ಕಿವಿಗೆ ಅಂಥವು. ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಅವರು ದೇಹದ ಮೂರು ಆಧಾರಸ್ತಂಭಗಳೆಂದರು. ರಾತ್ರಿಯ ಜಾಗರಣೆ ರೂಕ್ಷತೆಯನ್ನು ಹೆಚ್ಚಿಸಿ ವಾತವನ್ನು ಕೆರಳಿಸುತ್ತದೆ. ಪದೇ ಪದೇ ಮುರಿಯುವ ನಿದ್ರೆ ರಕ್ತದೊತ್ತಡ, ಮಧುಮೇಹಗಳಿಗೂ ಒಳ್ಳೆಯದಲ್ಲ.

ಹಾಗೆಂದು ಎಲ್ಲ ಸದ್ದನ್ನೂ ಅಡಗಿಸುವುದು ಪರಿಹಾರವಲ್ಲ. 2023ರ ಅಕ್ಟೋಬರ್ 12ರಂದು ವಿಪತ್ತಿನ ಎಚ್ಚರಿಕೆಯ ಪರೀಕ್ಷೆಗಾಗಿ ಕರ್ನಾಟಕದ ಮೊಬೈಲ್‌ಗಳು ಜೋರಾಗಿ ಮೊಳಗಿದ್ದು ನಿಮಗೆ ನೆನಪಿರಬಹುದು. ಅಂತಹ ಎಚ್ಚರಿಕೆ ನಮಗೆ ಬೇಕು. ಹೊಲದಲ್ಲಿರುವವರಿಗೆ ಸಿಡಿಲಿನ ಮುನ್ಸೂಚನೆ ನೀಡುವ ‘ದಾಮಿನಿ’ಯೂ ಬೇಕು. ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ರೈತರಿಗೆ ಕಾಲುವೆಗೆ ನೀರು ಬಿಡುವ ಸುದ್ದಿ ಬೇಕು. ಬೇಡದ ನೂರು ಗಂಟೆಗಳ ನಡುವೆ ಬೇಕಾದ ಒಂದು ಗಂಟೆ ಕೇಳದೆ ಹೋಗುವುದೇ ನಿಜವಾದ ಅಪಾಯ.

ಆದ್ದರಿಂದ ಔಷಧದಂತೆ ಇದಕ್ಕೂ ಪ್ರಮಾಣ ಮತ್ತು ಕಾಲವನ್ನು ಗೊತ್ತುಪಡಿಸೋಣ.

ಮೊದಲನೆಯದಾಗಿ, ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡು ನಾಟ್ ಡಿಸ್ಟರ್ಬ್’ ಎಂಬ ವ್ಯವಸ್ಥೆಯಿದೆ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಅದು ತಾನಾಗಿಯೇ ಜಾರಿಯಾಗುವಂತೆ ಮಾಡಿ, ಮಕ್ಕಳು ಮತ್ತು ಹತ್ತಿರದವರ ಕರೆಗೆ ಮಾತ್ರ ಅನುಮತಿ ಕೊಡಬಹುದು. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ 15 ನಿಮಿಷದೊಳಗೆ ಒಬ್ಬರೇ ಎರಡನೆಯ ಸಲ ಕರೆದರೆ ಗಂಟೆ ಬಾರಿಸುವಂತೆಯೂ ಇಡಬಹುದು.

ಎರಡನೆಯದಾಗಿ, ಸೆಟ್ಟಿಂಗ್ಸ್‌ನ ‘ನೋಟಿಫಿಕೇಶನ್’ ವಿಭಾಗದಲ್ಲಿ ಆಟ, ಅಂಗಡಿ, ಸಾಲದ ಆ್ಯಪ್‌ಗಳ ಸೂಚನೆಗಳನ್ನು ಒಂದೊಂದಾಗಿ ನಿಲ್ಲಿಸಿ. ವಾಟ್ಸ್‌ಆ್ಯಪ್ ಗುಂಪುಗಳನ್ನು 8 ಗಂಟೆ, ಒಂದು ವಾರ ಅಥವಾ ಸದಾಕಾಲ ‘ಮ್ಯೂಟ್’ ಮಾಡಬಹುದು. ಗುಂಪನ್ನು ಬಿಡಬೇಕಾಗಿಲ್ಲ, ಯಾರಿಗೂ ಬೇಸರವಾಗದು.

ಮೂರನೆಯದಾಗಿ, ಜಾಹೀರಾತಿನ ಕರೆ, ಸಂದೇಶಗಳನ್ನು ತಡೆಯಲು 1909ಕ್ಕೆ ಕರೆ ಮಾಡಿ ನೋಂದಾಯಿಸಿ. ಬ್ಯಾಂಕಿನ ಹಣದ ವ್ಯವಹಾರದ ಸಂದೇಶಗಳು ಇದರಿಂದ ನಿಲ್ಲುವುದಿಲ್ಲ.

ಕಂಪ್ಯೂಟರ್ ಬಳಸುವ ಯುವಕರಿಗೂ ಒಂದು ಮಾತು. ಅಪರಿಚಿತ ಜಾಲತಾಣ ಸೂಚನೆ ಕಳುಹಿಸಲು ಅನುಮತಿ ಕೇಳಿದರೆ ‘ಬ್ಲಾಕ್’ ಎನ್ನಿ. ಹಿಂದೊಮ್ಮೆ ‘ಅಲೌ’ ಒತ್ತಿದ್ದರ ಫಲವಾಗಿಯೇ ಎಷ್ಟೋ ಸಲ ಪರದೆಯ ಮೂಲೆಯಲ್ಲಿ “ವೈರಸ್ ಬಂದಿದೆ” ಎಂಬ ಸುಳ್ಳು ಎಚ್ಚರಿಕೆ ಮೂಡುತ್ತದೆ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ಹಿಂಪಡೆಯಬಹುದು.

ಮಲಗುವ ಮುನ್ನ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಕೊಳ್ಳಿ. ಮೊಬೈಲ್ ಕರೆ ಕೇಳಿಸುವಷ್ಟು ದೂರದಲ್ಲಿರಲಿ, ಕೈಗೆ ನಿಲುಕುವಷ್ಟು ಹತ್ತಿರ ಬೇಡ. ಇಷ್ಟಾದರೂ ಕೆಲವು ವಾರ ನಿದ್ರೆ ಬಾರದಿದ್ದರೆ ವೈದ್ಯರನ್ನು ಕಾಣಿರಿ.

ಶರಣರು ಕಾಯಕವನ್ನು ಪೂಜ್ಯವೆಂದರು. ಮೊಬೈಲ್ ಇಂದು ಕಾಯಕದ ಸಲಕರಣೆ. ಕುಂಟೆ, ಕುಡುಗೋಲುಗಳಂತೆ ಅದು ನಾವು ಕೈಗೆತ್ತಿಕೊಂಡಾಗ ದುಡಿಯಬೇಕು. ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡ ಹೊತ್ತಿನಲ್ಲಾದರೂ ಅದು ಸುಮ್ಮನಿರಲಿ.

ಆ ರೈತರ ಮೊಬೈಲನ್ನು ಅವರ ಮೊಮ್ಮಗನೇ ಸರಿಪಡಿಸಿಕೊಟ್ಟ. ತಿಂಗಳ ನಂತರ ಬಂದಾಗ ರಾತ್ರಿ ಆರು ತಾಸು ನಿದ್ರೆಯಾಗುತ್ತಿದೆ ಎಂದರು. “ಪೂಜಿಗಿಂತ ಮೊದಲು ಲಿಂಬಿ ರೇಟ್ ನೋಡೂ ಚಟ ಒಂದು ಇನ್ನೂ ಹೋಗಿಲ್ಲರಿ” ಎಂದು ತಾವೇ ನಕ್ಕರು. ಆ ಚಟಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ. ಅದನ್ನು ಅವರೇ ಬಿಡಬೇಕು.