ಗೋಲು ಕಾಯುವವನ ಲೆಕ್ಕ

1950ನೆಯ ಇಸವಿ ಜುಲೈ 16. ರಿಯೊ ಡಿ ಜನೈರೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಸುಮಾರು 2 ಲಕ್ಷ ಜನ ಕಿಕ್ಕಿರಿದಿದ್ದರು. ವಿಶ್ವಕಪ್ಪು ಕೈಸೇರಲು ಬ್ರೆಜಿಲ್ ತಂಡಕ್ಕೆ ಪಂದ್ಯ ಸಮವಾದರೂ ಸಾಕಾಗಿತ್ತು. ಆಟ ಮುಗಿಯಲು ಹತ್ತು ಹನ್ನೊಂದು ನಿಮಿಷಗಳಿದ್ದಾಗ ಉರುಗ್ವೆಯ ಗಿಗ್ಗಿಯಾ ಬಲಬದಿಯಿಂದ ನುಗ್ಗಿ ಬಂದ. ಉರುಗ್ವೆಯ ಮೊದಲ ಗೋಲಿನಲ್ಲಿ ಮಾಡಿದಂತೆ ಆತ ಚೆಂಡನ್ನು ನಡುವಿಗೆ ಒದೆಯುವನೆಂದು ಗೋಲ್‌ಕೀಪರ್ ಬಾರ್ಬೋಸಾ ಎಣಿಸಿದ. ಆದರೆ ಚೆಂಡು ಸಮೀಪದ ಕಂಬದ ಮಗ್ಗುಲಿನಿಂದ ಬಲೆಯನ್ನು ಹೊಕ್ಕಿತು. ಬ್ರೆಜಿಲ್ 2-1ರಿಂದ ಸೋತಿತು. ಸೋಲಿನ ಹೊರೆಯೆಲ್ಲ ಒಬ್ಬನ ತಲೆಗೆ ಬಂದಿತು. ತನ್ನ ದೇಶದಲ್ಲಿ ಎಂತಹ ಅಪರಾಧಕ್ಕೂ 30 ವರ್ಷಗಳಿಗಿಂತ ಹೆಚ್ಚಿನ ಶಿಕ್ಷೆಯಿಲ್ಲ, ತನಗೆ ಮಾತ್ರ 50 ವರ್ಷಗಳಾದರೂ ಬಿಡುಗಡೆಯಿಲ್ಲವೆಂದು ಬಾರ್ಬೋಸಾ ನೊಂದು ನುಡಿದದ್ದುಂಟು. 2000ದಲ್ಲಿ ಆತ ತೀರಿಕೊಂಡ.

ಗೋಲ್‌ಕೀಪರನ ವೃತ್ತಿಯೇ ಹೀಗೆ. ಮುಂಪಂಕ್ತಿಯ ಆಟಗಾರನು ಹತ್ತು ಬಾರಿ ತಪ್ಪಿ ಒಮ್ಮೆ ಗೋಲು ಹೊಡೆದರೂ ವೀರನೆನಿಸುವನು. ಇವನು ಹತ್ತು ಬಾರಿ ತಡೆದು ಒಮ್ಮೆ ತಪ್ಪಿದರೆ ಅಪರಾಧಿ. ಇಂತಹವನಿಗೆ ನ್ಯಾಯ ದೊರಕಿಸುವುದೆಂತು?

ಸೋಜಿಗವೆಂದರೆ, ಅದೇ 1950ರ ಮಾರ್ಚ್ 18ರಂದು ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ ಚಾರ್ಲ್ಸ್ ರೀಪ್ ಎಂಬ ವಾಯುಪಡೆಯ ಲೆಕ್ಕಾಧಿಕಾರಿ ಪಂದ್ಯವೊಂದನ್ನು ನೋಡುತ್ತ, ನಡುವಿರಾಮದ ಬಳಿಕ ಪೆನ್ಸಿಲು ಹಿಡಿದು ದಾಳಿಗಳನ್ನು ಗುರುತು ಹಾಕಿಕೊಳ್ಳತೊಡಗಿದ್ದ. ಆಟವನ್ನು ಲೆಕ್ಕವಿಟ್ಟು ನೋಡುವ ಆ ಹವ್ಯಾಸ ಇಂದು ಒಂದು ಶಾಸ್ತ್ರವಾಗಿ ಬೆಳೆದಿದೆ.

ಗೋಲ್‌ಕೀಪರನು ಬಂದ ಹೊಡೆತಗಳಲ್ಲಿ ಶೇಕಡ ಎಷ್ಟನ್ನು ತಡೆದ ಎಂಬುದು ಹಳೆಯ ಅಳತೆ. ಇದರಲ್ಲಿ ದೊಡ್ಡ ದೋಷವಿದೆ. ಮೂವತ್ತು ಗಜ ದೂರದಿಂದ ನೇರವಾಗಿ ಕೈಗೆ ಬಂದ ಚೆಂಡೂ ಒಂದು. ಆರು ಗಜದಿಂದ ಮೂಲೆಗೆ ಸಿಡಿದ ಚೆಂಡೂ ಒಂದು! ಹೊಸ ಲೆಕ್ಕದಲ್ಲಿ ಪ್ರತಿ ಹೊಡೆತಕ್ಕೂ ಒಂದು ಬೆಲೆ. ದೂರವೆಷ್ಟು, ಕೋನವೆಂತಹುದು, ಕಾಲಿನದೋ ತಲೆಯದೋ, 24 ಅಡಿ ಅಗಲ 8 ಅಡಿ ಎತ್ತರದ ಚೌಕಟ್ಟಿನಲ್ಲಿ ಚೆಂಡು ಎಲ್ಲಿಗೆ ಬಂತು—ಇವನ್ನೆಲ್ಲ ನೋಡಿ, ಹಿಂದೆ ನಡೆದ ಅಂತಹ ಸಾವಿರಾರು ಹೊಡೆತಗಳಲ್ಲಿ ಎಷ್ಟು ಗೋಲಾದುವೆಂದು ಎಣಿಸುತ್ತಾರೆ. ನೂರರಲ್ಲಿ ನಲವತ್ತು ಗೋಲಾಗಿದ್ದರೆ ಅದರ ಬೆಲೆ 0.4. ಇವುಗಳ ಮೊತ್ತವೇ ‘ನಿರೀಕ್ಷಿತ ಗೋಲು’.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬನಿಗೆ 0.1 ಬೆಲೆಯ ಹತ್ತು ಹೊಡೆತಗಳು ಬಂದುವು. ಎಂಟನ್ನು ತಡೆದು ಎರಡನ್ನು ಬಿಟ್ಟ. ಇನ್ನೊಬ್ಬನಿಗೆ 0.4 ಬೆಲೆಯ ಹತ್ತು. ಏಳನ್ನು ತಡೆದು ಮೂರನ್ನು ಬಿಟ್ಟ. ಶೇಕಡಾವಾರಿನಲ್ಲಿ ಮೊದಲಿಗನೇ ಮೇಲು. ಆದರೆ ಅವನು ಬಿಡಬಹುದಾಗಿದ್ದುದು ಒಂದೇ ಗೋಲು. ತಂಡಕ್ಕೆ ಒಂದು ಗೋಲಿನ ನಷ್ಟ. ಎರಡನೆಯವನದು ನಾಲ್ಕು, ಆತ ಒಂದು ಗೋಲನ್ನು ಉಳಿಸಿಕೊಟ್ಟ.

2022ರ ಮೇ 28ರಂದು ಪ್ಯಾರಿಸ್ಸಿನ ಬಳಿ ನಡೆದ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯ ಇಂತಹ ಕಾವಲಿನ ಹಿರಿಮೆಯನ್ನು ತೋರಿಸಿತು. ಲಿವರ್‌ಪೂಲ್ ತಂಡ 24 ಬಾರಿ ಹೊಡೆಯಿತು. ಗುರಿಗೆ ಬಂದ ಒಂಬತ್ತನ್ನೂ ರಿಯಲ್ ಮ್ಯಾಡ್ರಿಡ್‌ನ ಬೆಲ್ಜಿಯಂ ಕಾವಲುಗಾರ ತಿಬೊ ಕೂರ್ತ್ವಾ ತಡೆದ. ಮ್ಯಾಡ್ರಿಡ್ ಒಂದೇ ಗೋಲಿನಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರನೆಂಬ ಮನ್ನಣೆ ಗೋಲು ಹೊಡೆದ ವಿನಿಸಿಯಸ್‌ಗಲ್ಲ, ಗೋಲು ಕಾಯ್ದವನಿಗೆ ಸಂದಿತು.

ಆದರೂ ಅಂಕಿಗಳೇ ಸರ್ವಸ್ವವಲ್ಲ. ನಾಲ್ಕಾರು ಪಂದ್ಯಗಳಲ್ಲಿ ಅದೃಷ್ಟದ ಪಾಲೇ ಹೆಚ್ಚು. ಒಂದೆರಡು ಋತುಗಳ ಲೆಕ್ಕ ಕೂಡಿದ ಮೇಲೆಯೇ ಪ್ರತಿಭೆಯ ರೂಪ ಗೋಚರಿಸೀತು. ಮುನ್ನುಗ್ಗಿ ಬಂದು ಎತ್ತರದ ಚೆಂಡನ್ನು ಹಿಡಿದು, ಕೂಗಿ ಕರೆದು ರಕ್ಷಕರನ್ನು ಸರಿಯಾದೆಡೆ ನಿಲ್ಲಿಸಿ, ಹೊಡೆತವೇ ಬಾರದಂತೆ ಮಾಡಿದ ಜಾಣ್ಮೆಗೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ಆದರೆ ಒಂದು ಮಾತನ್ನಂತೂ ಅದು ಖಚಿತವಾಗಿ ಕಲಿಸುತ್ತದೆ: ಒಂದೇ ಗೋಲಿನಿಂದ ಒಬ್ಬ ಮನುಷ್ಯನ ಯೋಗ್ಯತೆಯನ್ನು ಅಳೆಯಲಾಗದು. ಬಲೆ ಅಲುಗಿದೊಡನೆ ಕಾವಲುಗಾರನನ್ನು ಹಳಿಯುವ ಮುನ್ನ, ಆ ಚೆಂಡನ್ನು ಬೇರೆಯವರಾದರೂ ತಡೆಯುತ್ತಿದ್ದರೇ ಎಂದು ಕೇಳಿಕೊಳ್ಳುವುದು ನೋಡುಗನ ಧರ್ಮ.