ಸೋತವರ ಕೈಯಲ್ಲೇ ಉಳಿದ ಕ್ಯಾಮೆರಾ

1979ರಲ್ಲಿ ವಿಯೆಟ್ನಾಂ ಯುದ್ಧ ಕುರಿತು ಬಂದ ಎರಡು ಸಿನಿಮಾಗಳಲ್ಲಿ ಅಮೆರಿಕದ ಸೇನಾ ಹೆಲಿಕಾಪ್ಟರ್ ಎರಡು ಬಗೆಯಲ್ಲಿ ಕಾಣುತ್ತದೆ. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಪ್ರಸಿದ್ಧ ದಾಳಿಯಲ್ಲಿ ನಾವು ಹೆಲಿಕಾಪ್ಟರಿನವರ ಜೊತೆ ಹಾರುತ್ತೇವೆ. ವಾಗ್ನರ್ ಸಂಗೀತ ಮೊಳಗುತ್ತಿರುತ್ತದೆ, ಕೆಳಗೆ ಹಳ್ಳಿಯವರು ಚೆಲ್ಲಾಪಿಲ್ಲಿಯಾಗಿ ಓಡುತ್ತಾರೆ. ನುಯೆನ್ ಹಾಂಗ್ ಸೆನ್ ನಿರ್ದೇಶಿಸಿದ ವಿಯೆಟ್ನಾಮಿನ ‘ಪಾಳು ಬಯಲು’ ಚಿತ್ರದಲ್ಲಿ ನಾವಿರುವುದು ಮೆಕಾಂಗ್ ಮುಖಜಭೂಮಿಯ ನೆರೆನೀರಿನಲ್ಲಿ. ಹೆಲಿಕಾಪ್ಟರ್ ತಲೆಯ ಮೇಲೆ ಸುಳಿದಾಗ ಗಂಡ ಹೆಂಡತಿ ತಮ್ಮ ಹಸುಗೂಸನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ನೀರಿನಲ್ಲಿ ಮುಳುಗಿಸಿ ಅಡಗಿಸುತ್ತಾರೆ. ಎರಡನೆಯ ಚಿತ್ರಕ್ಕೆ 1981ರ ಮಾಸ್ಕೋ ಚಿತ್ರೋತ್ಸವದಲ್ಲಿ ಚಿನ್ನದ ಪ್ರಶಸ್ತಿ ಬಂದರೂ ಜಗತ್ತಿನ ನೆನಪಿನಲ್ಲಿ ಕೂತದ್ದು ಮೊದಲನೆಯದು. ಗೆದ್ದವರೇ ಇತಿಹಾಸ ಬರೆಯುತ್ತಾರೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. 1975ರ ಏಪ್ರಿಲ್ 30ರಂದು ಅಮೆರಿಕ ಬೆಂಬಲಿಸಿದ್ದ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಕೈತಪ್ಪಿತು, ಆದರೆ ಸ್ಟುಡಿಯೊ, ಬಂಡವಾಳ, ವಿತರಣೆಯ ಜಾಲ ಅಮೆರಿಕದ ಬಳಿಯೇ ಉಳಿದವು. ತೆರೆಯ ಮೇಲೆ ಯಾರಿಗೆ ಮುಖ, ಯಾರಿಗೆ ಬರೀ ನೆರಳು ಎಂಬುದು ರಣರಂಗಕ್ಕಿಂತ ಹೆಚ್ಚಾಗಿ ಅಲ್ಲಿ ತೀರ್ಮಾನವಾಯಿತು.

ಇಂಥ ಅಮೆರಿಕನ್ ಚಿತ್ರಗಳು ಯುದ್ಧವನ್ನು ವೈಭವೀಕರಿಸಿಲ್ಲ, ಖಂಡಿಸಿವೆ. ತಮ್ಮ ನಾಡಿನ ನೋವನ್ನು ತಾವು ಹೇಳಿಕೊಂಡರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ತಪ್ಪಿಲ್ಲ. ಆದರೆ ಆ ನೋವಿಗೆ ಎದುರಾಳಿಯನ್ನು ರಾಕ್ಷಸನನ್ನಾಗಿ ಮಾಡುವ ಅಗತ್ಯವಿರಲಿಲ್ಲ. ಐದು ಆಸ್ಕರ್ ಗೆದ್ದ ‘ದ ಡೀರ್ ಹಂಟರ್’ (1978) ಚಿತ್ರದಲ್ಲಿ ವಿಯೆಟ್ನಾಮಿ ಸೈನಿಕರು ಸೆರೆಯಾಳುಗಳ ಹಣೆಗೆ ಪಿಸ್ತೂಲಿಡಿಸಿ ಸಾವಿನ ಜೂಜಾಡಿಸುತ್ತಾರೆ. ಅಂಥದ್ದು ನಡೆದಿದ್ದಕ್ಕೆ ಪುರಾವೆಯಿಲ್ಲ, ಆದರೂ ಕೋಟ್ಯಂತರ ಜನರಿಗೆ ಆ ಯುದ್ಧವೆಂದರೆ ಆ ದೃಶ್ಯ. ಸತ್ತ ಅಮೆರಿಕನ್ನರು ಸುಮಾರು 58 ಸಾವಿರ. ವಿಯೆಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಅಂದಾಜಿನಂತೆ ಅಲ್ಲಿ ಸತ್ತ ನಾಗರಿಕರೇ 20 ಲಕ್ಷ. ಹಾಲಿವುಡ್ಡಿನಲ್ಲಿ ಈ ಲೆಕ್ಕ ತಿರುವುಮುರುವಾಗಿದೆ. ಹಾಗೆಂದು ಗೆದ್ದವರ ಸಿನಿಮಾಗಳೆಲ್ಲ ಪ್ರಚಾರವೆಂದು ತಳ್ಳಿಹಾಕುವಂತಿಲ್ಲ. ‘ಪಾಳು ಬಯಲು’ ಸರ್ಕಾರಿ ವ್ಯವಸ್ಥೆಯೊಳಗೇ ತಯಾರಾದ ಚಿತ್ರ. ಅದರ ಕೊನೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಡತಿ ಹೆಲಿಕಾಪ್ಟರನ್ನು ಹೊಡೆದುರುಳಿಸುತ್ತಾಳೆ. ಅಲ್ಲಿ ಕಾಣುವುದು ಸತ್ತ ಪೈಲಟ್‌ನ ಹೆಂಡತಿ, ಮಗುವಿನ ಫೋಟೊ. ಶತ್ರುವಿಗೂ ಒಂದು ಮನೆಯಿದೆ ಎಂದು ತೋರಿಸಲು ಆ ನಿರ್ದೇಶಕನಿಗೆ ಒಂದೇ ಫೋಟೊ ಸಾಕಾಯಿತು.

ಸಾಕ್ಷ್ಯಚಿತ್ರ ಹೆಚ್ಚು ನ್ಯಾಯವಾಗಿ ನಡೆದುಕೊಂಡಿದೆ, ನಿಜ. ಪೀಟರ್ ಡೇವಿಸ್ ಅವರ ‘ಹಾರ್ಟ್ಸ್ ಅಂಡ್ ಮೈಂಡ್ಸ್’ (1974) ಸೈನಿಕನೊಬ್ಬನನ್ನು ಹೂಳುವಾಗ ಸ್ಮಶಾನದಲ್ಲಿ ರೋದಿಸುವ ವಿಯೆಟ್ನಾಮಿ ಕುಟುಂಬವನ್ನು ತೋರಿಸಿ, ಪೂರ್ವದೇಶದವರಿಗೆ ಜೀವ ಅಷ್ಟು ಬೆಲೆಯದಲ್ಲ ಎಂಬ ಅಮೆರಿಕದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಮಾತನ್ನು ಅದಕ್ಕೇ ತಾಗಿಸಿ ಇಡುತ್ತದೆ. ಇದು ಸಂಕಲನದ ಕೈಚಳಕ ಎಂಬ ಟೀಕೆ ಆಗಲೇ ಬಂದಿತ್ತು. ಕೈಚಳಕ ಇದ್ದಿರಬಹುದು, ಮಾತಾಡಿದ್ದು ಆ ಜನರಲ್ ಅವರೇ, ಅತ್ತದ್ದು ಆ ಕುಟುಂಬವೇ. ನನಗೆ ಹೆಚ್ಚು ಕಾಡುವುದು ಬೇರೆಯೇ ಸಂಗತಿ: ಆ ಗುಂಡಿಗಿಳಿದ ಸೈನಿಕ ಅಮೆರಿಕದ ಪರವಾಗಿ ಹೋರಾಡಿದ ದಕ್ಷಿಣ ವಿಯೆಟ್ನಾಮಿನವನು. ನಿಜವಾಗಿ ಎಲ್ಲವನ್ನೂ ಕಳೆದುಕೊಂಡವರು ಈ ದಕ್ಷಿಣದವರು. ಉತ್ತರದ ಹನೋಯ್ ಸರ್ಕಾರದ ಪಾಲಿಗೆ ಅವರು ಕೈಗೊಂಬೆಗಳು, ಹಾಲಿವುಡ್ ಪಾಲಿಗೆ ಹಿನ್ನೆಲೆಯ ಜನ. ಕೆನ್ ಬರ್ನ್ಸ್ ಮತ್ತು ಲಿನ್ ನೋವಿಕ್ ಅವರ 18 ಗಂಟೆಗಳ ಸರಣಿ (2017) ಉತ್ತರದವರ ಜೊತೆ ದಕ್ಷಿಣದವರನ್ನೂ ಕ್ಯಾಮೆರಾ ಮುಂದೆ ಕೂರಿಸಿತು, ಅದು ದೊಡ್ಡ ಹೆಜ್ಜೆಯೇ. ಆದರೆ ಯುದ್ಧ ಮುಗಿದ ಮೇಲೆ ಲಕ್ಷಾಂತರ ದಕ್ಷಿಣದವರು ದೂಡಲ್ಪಟ್ಟ ‘ಮರುಶಿಕ್ಷಣ’ ಶಿಬಿರಗಳ ಕತೆಯನ್ನೂ ದೋಣಿ ಹತ್ತಿ ಕಡಲಿಗಿಳಿದವರ ಕತೆಯನ್ನೂ ಹೇಳಲು ಯಾವ ದೊಡ್ಡ ಸ್ಟುಡಿಯೊವನ್ನೂ ನೆಚ್ಚಿಕೊಳ್ಳುವಂತಿರಲಿಲ್ಲ. ಅಮೆರಿಕದಲ್ಲಿ ನೆಲೆಸಿದ ವಿಯೆಟ್ನಾಮಿಗರು ತಮ್ಮೊಳಗೇ ಹಣ ಕೂಡಿಸಿದರು, ಹಾಮ್ ಟ್ರಾನ್ ಥಾಯ್ಲೆಂಡ್‌ನಲ್ಲಿ ಚಿತ್ರೀಕರಿಸಿದರು, 2006ರ ಹೊತ್ತಿಗೆ ‘ಜರ್ನಿ ಫ್ರಮ್ ದ ಫಾಲ್’ ತೆರೆಗೆ ಬಂತು. ಸೈಗಾನ್ ಬಿದ್ದು ಆಗ ಮೂವತ್ತು ವರ್ಷ ದಾಟಿತ್ತು.